ಇಪ್ಪತ್ತೆಂಟು ಜೋಡಿ ನಕ್ಷತ್ರ

ಮಾಟುಂಗ, ಮುಂಬಯಿ
೯–೧೧–೧೯೬೪

ಕಾಂತ,

ಅಕ್ಷರದ ಗುರುತು ಹಿಡಿದು ನೀನು ಈ ಪತ್ರವನ್ನು ಒಲೆಗೆ ಹಾಕದೆ ಇದ್ದರೆ ಅಷ್ಟೇ ಸಾಕು. ನಾಲ್ಕು ವರ್ಷ ಒಂದು ಸಾಲೂ ಬರೆಯದವಳು ಈಗ ಕ್ಷೇಮ ಕೇಳಿದರೆ ಚೆನ್ನಾಗಿರುವುದಿಲ್ಲ. ನೀನು ತರೀಕೆರೆಯ ಮಲೇರಿಯಾ ಲ್ಯಾಬಿನಲ್ಲಿ ಕೆಲಸಕ್ಕಿದ್ದೀ, ದಿನಾ ಅಜ್ಜಂಪುರದಿಂದ ಬಸ್ಸಿನಲ್ಲಿ ಬಂದು ಹೋಗುತ್ತೀ ಎಂದು ಅಪ್ಪ ಬರೆದಿದ್ದರು. ನಮ್ಮ ಅಂಗಡಿಯ ಮುಂದೆಯೇ ನಡೆದು ಹೋಗುತ್ತೀಯಂತೆ, ಒಳಗೆ ತಿರುಗಿ ನೋಡುವುದಿಲ್ಲವಂತೆ.

ಮೊನ್ನೆ ಗುರುವಾರ ನಡೆದದ್ದನ್ನು ಹೇಳಿಬಿಡುತ್ತೇನೆ.

ನಮ್ಮ ಗುಂಪಿಗೆ ಈ ವರ್ಷ ಒಬ್ಬ ಬಂಗಾಳಿ ವಿಜ್ಞಾನಿ ಬಂದಿದ್ದಾರೆ. ಅವರು ಬಂದವರೇ ಬೆಳ್ಳಿ, ಬ್ರೋಮಿನ್ ಬೆರೆತ ಫೋಟೋ ಲೇಪದ ೧೯೬೦ರ ಎಮಲ್ಷನ್ ಗಾಜುಗಳನ್ನು ಕಪಾಟಿನಿಂದ ತೆಗೆಸಿದರು. ನೀನೂ ನಾನೂ ಅಕ್ಕಪಕ್ಕದ ಮೈಕ್ರೋಸ್ಕೋಪಿನಲ್ಲಿ ಕೂತು ಇಂಚಿಂಚೂ ಹುಡುಕಿದ ಗಾಜುಗಳು. ಪರದೇಶದ ಯಂತ್ರದಲ್ಲಿ ಕೇ-ಕಣಗಳಿಗೆ ಒಡ್ಡಿ ತಂದವು. ಕಣ ಬಡಿದ ಕಡೆ ಪರಮಾಣುವಿನ ಬೀಜ ಒಡೆದು, ಗೆರೆಗಳು ಸುತ್ತ ಚಿಮ್ಮಿ, ನಕ್ಷತ್ರ ಬರೆದ ಹಾಗೆ ಕಾಣುತ್ತದೆ ಎಂದು ಮೊದಲ ದಿನ ನಮಗೆ ಹೇಳಿಕೊಟ್ಟಿದ್ದರಲ್ಲ. ಅಪರೂಪಕ್ಕೆ ಒಡೆದ ಚೂರೊಂದು ತನ್ನೊಳಗೆ ಲ್ಯಾಮ್ಡಾ ಎಂಬ ವಿಚಿತ್ರ ಕಣವನ್ನು ಇಟ್ಟುಕೊಂಡು ಹೊರಡುತ್ತದೆ. ಲ್ಯಾಮ್ಡಾ ಬದುಕುವುದು ಒಂದು ಸೆಕೆಂಡಿನ ಸಾವಿರ ಕೋಟಿ ಪಾಲಿನಲ್ಲಿ ಎರಡು ಮೂರು ಪಾಲು. ಅದು ಸತ್ತ ಜಾಗದಲ್ಲಿ ಚೂರು ಮತ್ತೆ ಒಡೆದು ಎರಡನೆಯ ನಕ್ಷತ್ರ. ಎರಡಕ್ಕೂ ನಡುವೆ ಒಂದು ಗಿಡ್ಡ ಕಪ್ಪು ಗೆರೆ. ಆ ಜೋಡಿಯನ್ನು ಕಂಡರೆ ಜಾಗದ ಅಂಕಿ ಬರೆದಿಡುವುದು ನಮ್ಮ ಕೆಲಸ.

ಚೂರು ಹಗುರವಾಗಿದ್ದರೆ ಲ್ಯಾಮ್ಡಾ ಸಾಯುವಾಗ ಪಯಾನ್ ಎಂಬ ಕಣ ತೆಳ್ಳನೆ ಗೆರೆ ಎಳೆದುಕೊಂಡು ಹೊರಗೆ ಬರುತ್ತದೆ, ಗುರುತು ಸಿಗುತ್ತದೆ. ಬೆಳ್ಳಿ, ಬ್ರೋಮಿನ್‌ಗಳ ಭಾರದ ಚೂರಾದರೆ ಪಯಾನ್ ಬರುವುದೇ ಅಪರೂಪ. ಲ್ಯಾಮ್ಡಾ ತನ್ನ ಶಕ್ತಿಯನ್ನು ಪಕ್ಕದ ಕಣಕ್ಕೆ ಕೊಟ್ಟು ಎರಡೂ ಎಗರಿ ಹೋಗುತ್ತವೆ. ಅಂಥ ಚೂರು ದೂರವೂ ಹೋಗಿರುವುದಿಲ್ಲ. ಎರಡು ನಕ್ಷತ್ರ ಒಂದರ ಮೇಲೊಂದು ಬಿದ್ದು ಒಂದೇ ಎನ್ನುವ ಹಾಗಿರುತ್ತವೆ. ಹೀಗೆ ಪಯಾನ್ ಇಲ್ಲದೆ ಒಡೆಯುವುದು ಎಷ್ಟು ಸಲ ಎಂಬ ಲೆಕ್ಕ ನಮ್ಮ ಲ್ಯಾಬಿನಲ್ಲಿ ಮಾತ್ರ ಬೇರೆ ಕಡೆಗಿಂತ ತೀರ ಕಡಿಮೆ ಬಂದಿದೆ, ಯಾಕೆ ಎಂಬುದು ಬಂಗಾಳಿಯವರ ಪ್ರಶ್ನೆ.

ನಮ್ಮ ಹಳೆಯ ದಾಖಲೆ ಪುಸ್ತಕದಲ್ಲಿ ನೀನು ಗುರುತಿಸಿದ ಜೋಡಿಗಳು ನಲವತ್ತೊಂದು. ಅದರಲ್ಲಿ ಮತ್ತೊಮ್ಮೆ ನೋಡಲು ನನಗೆ ಕೊಟ್ಟಿದ್ದ ಇಪ್ಪತ್ತೆಂಟರ ಮುಂದೆ ನನ್ನ ಕೈಬರಹ: ‘ಇಲ್ಲ – ಪಂ.’ ಅವರು ಎಣ್ಣೆ ಹಾಕಿ ನೋಡುವ ದೊಡ್ಡ ಲೆನ್ಸನ್ನು ಹಾಕಿಸಿಕೊಂಡು ಮೂರು ದಿನ ಆ ಇಪ್ಪತ್ತೆಂಟು ಜಾಗ ನೋಡಿದರು. ಗುರುವಾರ ಮಧ್ಯಾಹ್ನ ನನ್ನನ್ನು ಕರೆದು ಕೂರಿಸಿದರು. ಮೊದಲನೆಯದನ್ನು ನೋಡಿದೆ. ಎರಡು ನಕ್ಷತ್ರ. ನಡುವೆ ನಾಲ್ಕು ಮೈಕ್ರಾನ್ ಗೆರೆ, ತಲೆಗೂದಲ ಇಪ್ಪತ್ತನೆಯ ಪಾಲು. ಎರಡನೆಯದು, ಅದೂ ಹಾಗೆಯೇ. ಸಾಯಂಕಾಲದವರೆಗೆ ನೋಡಿದೆ, ಮರುದಿನ ಪೂರ್ತಿ ನೋಡಿದೆ. ಇಪ್ಪತ್ತೆಂಟರಲ್ಲಿ ಇಪ್ಪತ್ತೈದು ಇವೆ ಕಾಂತ. ನೀನು ಬರೆದ ಜಾಗದಲ್ಲೇ, ಬರೆದ ಹಾಗೆಯೇ ಇವೆ.

ಹೆಚ್ಚು ಹೆಸರು ಬರಲೆಂದು ಇಲ್ಲದ್ದನ್ನೆಲ್ಲ ಬರೆಯುತ್ತಾಳೆ ಎಂದು ನಿನ್ನನ್ನು ಕಳಿಸಿಬಿಟ್ಟರಲ್ಲ. ಇಂಥ ಕಣ್ಣಿನ ಹುಡುಗಿ ಈಗ ಎಲ್ಲಿದ್ದಾಳೆ ಎಂದು ಬಂಗಾಳಿಯವರು ಕೇಳಿದರು. ಆಮೇಲೆ ಈ ‘ಪಂ.’ ಯಾರು ಎಂದೂ ಕೇಳಿದರು. ನಾನೇ ಎಂದೆ.

ಸಣ್ಣ ಲೆನ್ಸಿನಲ್ಲಿ ಆಗ ನನಗೆ ಅವು ಕಾಣಲಿಲ್ಲ. ನಿನಗೆ ಹೇಗೆ ಕಂಡವೋ ದೇವರಿಗೇ ಗೊತ್ತು. ನಿನ್ನ ಮೇಲೆ ಬಂದ ಮಾತು ಸುಳ್ಳು ಎಂದು ನಿನಗೆ ಮೊದಲು ತಿಳಿಯಬೇಕೆಂದು ಬರೆದೆ. ಸಂತೋಷವಾದರೆ ಎರಡು ಸಾಲು ಬರೆ.

ನಿನ್ನ
ಪಂಕಜಾಕ್ಷಿ


ಅಜ್ಜಂಪುರ
೨೧–೧೧–೧೯೬೪

ಪಂಕಜಾಕ್ಷಿಗೆ,

ಪತ್ರ ತಲುಪಿ ಏಳು ದಿನವಾಯಿತು.

ಎರಡು ವಿಷಯ ತಿಳಿಯಬೇಕು. ಇಪ್ಪತ್ತೆಂಟರಲ್ಲಿ ಇಲ್ಲದ ಆ ಮೂರು ಯಾವುವು? ಗಾಜಿನ ಸಂಖ್ಯೆ, ಜಾಗದ ಅಂಕಿ ಬರೆ.

ಎರಡನೆಯದು. ಕಾಣಲಿಲ್ಲ ಎಂದು ಬರೆದಿದ್ದೀ. ನಾವಿಬ್ಬರೂ ಒಂದೇ ತರಹದ ಲೆನ್ಸಿನಲ್ಲಿ ನೋಡುತ್ತಿದ್ದವರು. ಬೇರೆ ಗಾಜುಗಳಲ್ಲಿ ಐದು ಮೈಕ್ರಾನ್ ಗೆರೆಯನ್ನು ನೀನು ನನಗಿಂತ ಮೊದಲು ಹಿಡಿದದ್ದುಂಟು. ಇಪ್ಪತ್ತೆಂಟು ಜಾಗವನ್ನು ಹುಡುಕಿ, ಫೋಕಸ್ ಮಾಡಿ, ಮೇಲೆ ಕೆಳಗೆ ತಿರುಗಿಸಿ ನೋಡಲು ಒಂದೂವರೆ ದಿನವಾದರೂ ಬೇಕು. ನಿನ್ನ ಕೈಗೆ ಪಟ್ಟಿ ಕೊಟ್ಟದ್ದು ಬೆಳಿಗ್ಗೆ ಹನ್ನೊಂದಕ್ಕೆ. ನೀನು ಅದನ್ನು ತಿರುಗಿ ಕೊಟ್ಟದ್ದು ಅದೇ ದಿನ ಮೂರಕ್ಕೆ. ನಾನು ಪಕ್ಕದಲ್ಲೇ ಕೂತಿದ್ದೆ.

ಎಷ್ಟು ಜಾಗ ನೋಡಿದೆ? ಸಂಖ್ಯೆ ಬರೆದರೆ ಸಾಕು.

ಕಾಂತಮ್ಮ


ಮಾಟುಂಗ, ಮುಂಬಯಿ
೨೭–೧೧–೧೯೬೪

ಕಾಂತ,

ನಾಲ್ಕು.

ಈ ಒಂದು ಪದ ಬರೆದು ಪತ್ರ ಮುಗಿಸಬೇಕೆಂದಿದ್ದೆ, ಆಗಲಿಲ್ಲ. ಮೊದಲ ಮೂರರಲ್ಲಿ ಏನೂ ತೋರಲಿಲ್ಲ. ನಾಲ್ಕನೆಯದರಲ್ಲಿ ಏನೋ ಇದ್ದ ಹಾಗಿತ್ತು. ಫೋಕಸ್ ಇನ್ನೊಂದು ಸುತ್ತು ತಿರುಗಿಸಿದ್ದರೆ ತಿಳಿಯುತ್ತಿತ್ತು. ತಿರುಗಿಸಲಿಲ್ಲ. ಉಳಿದ ಇಪ್ಪತ್ತನಾಲ್ಕನ್ನು ಗಾಜಿನ ಮೇಲೆ ಹುಡುಕಲೂ ಇಲ್ಲ. ಪೆನ್ನು ತೆಗೆದುಕೊಂಡು ಮೇಲಿನಿಂದ ಕೆಳಗಿನವರೆಗೆ ಇಲ್ಲ, ಇಲ್ಲ ಎಂದು ಬರೆದುಕೊಂಡು ಹೋದೆ.

ಆ ಸಾಯಂಕಾಲ ನಾಲ್ಕಕ್ಕೆ ದಾದರಿನ ಸೋದರಮಾವನ ಮನೆಗೆ ನನ್ನನ್ನು ನೋಡಲು ಬರುವವರಿದ್ದರು. ಮೂರಕ್ಕೆ ಹೊರಡಬೇಕಿತ್ತು. ಆ ದಿನ ಬಂದವರೇ ಈಗಿನ ನಮ್ಮ ಮನೆಯವರು. ನಾಲ್ಕು ವರ್ಷ ಇದೊಂದನ್ನೇ ನನಗೆ ನಾನು ಹೇಳಿಕೊಂಡಿದ್ದೆ: ಹೊತ್ತಾಗಿತ್ತು, ಅವಸರದಲ್ಲಿದ್ದೆ, ನಾಳೆ ನೋಡಿ ತಿದ್ದಿದರಾಯಿತು ಎಂದುಕೊಂಡೆ, ಮರುದಿನ ಲ್ಯಾಬಿನ ಸಾಹೇಬರು ತಿದ್ದಲು ಬಿಡಲಿಲ್ಲ. ನಿನಗೂ ಅದನ್ನೇ ಬರೆಯಬಹುದಿತ್ತು.

ಅವಸರ ನಿಜ. ಆದರೆ ಅದರ ಹಿಂದಿನ ವಾರ, ತರಬೇತಿಗೆ ಆರು ತಿಂಗಳು ಹೊರದೇಶಕ್ಕೆ ಕಳಿಸುವ ಮಾತು ಬಂದಾಗ ನಿನ್ನ ಹೆಸರು ಹೇಳಿದ್ದರು. ನನ್ನ ಹೆಸರು ಹೇಳಿರಲಿಲ್ಲ. ಇಲ್ಲಿ ಕೆಲಸವಿದೆ ಎಂದು ಸೋದರಮಾವನಿಂದ ತಿಳಿದುಕೊಂಡು ಬಂದವಳು ನಾನು, ನಿನ್ನನ್ನು ಜೊತೆಗೆ ಕರೆತಂದವಳು ನಾನು. ತರೀಕೆರೆಯ ದೇವೀರಪ್ಪನವರ ಮಗಳನ್ನು ಬಿಟ್ಟು ಅಜ್ಜಂಪುರದ ಕುರಿಗಾಹಿ ಮನೆಯ ಹುಡುಗಿ ವಿಮಾನ ಹತ್ತುವುದೇ ಎಂದು ಒಳಗೆ ಉರಿಯಿತು. ಈ ವಾಕ್ಯ ಬರೆಯುವುದಕ್ಕೆ ನನಗೆ ಎರಡು ದಿನ ಹಿಡಿಯಿತು.

ಇನ್ನೊಂದಿದೆ. ನೀನಿಲ್ಲದಾಗ ಸಾಹೇಬರು ನನ್ನನ್ನು ಕರೆದು, ನೀನು ಅವಳ ಊರಿನ ಕಡೆಯವಳು, ಅವಳು ಬೇಕೆಂದೇ ಬರೆಯುವಂಥವಳೇ ಎಂದು ಕೇಳಿದರು. ನಾನು ಸುಮ್ಮನಿದ್ದೆ. ಹೌದು ಎಂದಿದ್ದರೆ ಅವರು ಸಾಕ್ಷಿ ಕೇಳುತ್ತಿದ್ದರೋ ಏನೋ. ಸುಮ್ಮನಿದ್ದದ್ದೇ ಸಾಕಾಯಿತು.

ಇಲ್ಲದ ಆ ಮೂರರ ಅಂಕಿಗಳನ್ನು ಬೇರೆ ಹಾಳೆಯಲ್ಲಿ ಬರೆದು ಇಟ್ಟಿದ್ದೇನೆ. ಮೂರರಲ್ಲೂ ಎರಡನೆಯ ನಕ್ಷತ್ರವಿದೆ. ಸೇರಿಸುವ ಗೆರೆ ಮಾತ್ರ ಖಚಿತವಿಲ್ಲ ಎಂದು ಬಂಗಾಳಿಯವರು ಹೇಳುತ್ತಾರೆ.

ನಿನ್ನನ್ನು ತಿರುಗಿ ಕರೆಸಬೇಕೆಂದು ಅವರಿಗೆ ಮನಸ್ಸಿದೆ. ಬರುತ್ತೀಯಾ?

ಪಂಕಜಾಕ್ಷಿ


ಅಜ್ಜಂಪುರ
೧೪–೧೨–೧೯೬೪

ಪಂಕಜಾಕ್ಷಿಗೆ,

ನನ್ನ ಮೇಲಿನ ಮಾತು ಸುಳ್ಳೆಂದು ತಿಳಿದರೆ ನನಗೆ ಸಂತೋಷವಾಗುತ್ತದೆ ಎಂದು ನೀನು ಎಣಿಸಿದ್ದೀ. ಬೇರೆ ಯಾರಾಗಿದ್ದರೂ ಹಾಗೆಯೇ ಎಣಿಸುತ್ತಿದ್ದರು. ನಿನ್ನ ಮೊದಲ ಪತ್ರ ಓದಿದಾಗ ಬಸ್‌ಸ್ಟ್ಯಾಂಡಿನಲ್ಲಿದ್ದೆ. ಬಸ್ಸು ಬಂತು, ಹೋಯಿತು. ಇನ್ನೊಂದೂ ಬಂದು ಹೋಯಿತು. ನಾನು ಹತ್ತಲಿಲ್ಲ. ಕಾರಣ ಹೇಳುತ್ತೇನೆ, ನಿನಗೊಬ್ಬಳಿಗೇ ಹೇಳುತ್ತಿದ್ದೇನೆ.

ನನ್ನ ತಂಗಿ ಅಂಜಿನಮ್ಮನನ್ನು ನೀನು ನೋಡಿದ್ದೀ. ನಾವು ಮುಂಬಯಿಗೆ ಹೊರಟ ದಿನ ಬೀರೂರು ಸ್ಟೇಷನ್ನಿನಲ್ಲಿ ನಿನ್ನ ಪೆಟ್ಟಿಗೆ ಎತ್ತಿಕೊಟ್ಟವಳು. ಅವಳನ್ನು ಸಿಂಗಟಗೆರೆಯ ಸಣ್ಣಬೀರಪ್ಪನಿಗೆ ಕೊಟ್ಟಿದ್ದೆವು. ಈ ವರ್ಷ ಮಾರ್ಚಿನಲ್ಲಿ ಹೆಣ್ಣು ಮಗುವಾಯಿತು. ಜುಲೈಯಲ್ಲಿ ಅವಳು ಸತ್ತಳು.

ನನ್ನ ಕೆಲಸ ನಿನಗೆ ಗೊತ್ತಿರಲಾರದು. ಜ್ವರ ಬಂದವರ ಬೆರಳು ಚುಚ್ಚಿ, ಗಾಜಿನ ಮೇಲೆ ಒಂದು ತೊಟ್ಟು ರಕ್ತ ಸವರಿಕೊಂಡು ಬರುತ್ತಾರೆ. ಅದಕ್ಕೆ ಬಣ್ಣ ಹಾಕಿ ಒಣಗಿಸಿ ಮೈಕ್ರೋಸ್ಕೋಪಿನಲ್ಲಿ ನೋಡುವುದು. ಮಲೇರಿಯಾ ಇದ್ದರೆ ರಕ್ತದ ಕಣದೊಳಗೆ ಸಣ್ಣ ನೀಲಿ ಉಂಗುರ ಕಾಣುತ್ತದೆ, ಉಂಗುರಕ್ಕೆ ಕೆಂಪು ಹರಳಿಟ್ಟ ಹಾಗೆ ಒಂದು ಚುಕ್ಕೆ. ಬಣ್ಣದ ಕಸವೂ ಕೆಲವು ಸಲ ಹಾಗೇ ಕಾಣುತ್ತದೆ. ದಿನಕ್ಕೆ ಅರವತ್ತು ಗಾಜು. ಮುಂಬಯಿಯಿಂದ ಯಾಕೆ ಬಂದೆ ಎಂದು ಇಲ್ಲಿ ಯಾರೂ ಕೇಳಲಿಲ್ಲ. ಕೇಳಿಯಾರು ಎಂಬ ಭಯ ಮಾತ್ರ ಎರಡು ವರ್ಷ ನನ್ನ ಜೊತೆ ಬಸ್ಸಿನಲ್ಲಿ ಬಂದು ಹೋಗುತ್ತಿತ್ತು.

ಜೂನ್ ಕೊನೆಯಲ್ಲಿ ಸಿಂಗಟಗೆರೆಯ ಗಾಜುಗಳು ಬಂದವು. ಮನೆ ಮನೆಗೆ ಹೋಗಿ ರಕ್ತ ತೆಗೆಯುವ ಷಣ್ಮುಖಪ್ಪ, ಪಟ್ಟಿಯಲ್ಲಿ ನಿಮ್ಮ ತಂಗಿಯೂ ಇದ್ದಾಳೆ ಎಂದ. ಅವಳೇ ಅವನ ಕೈಲಿ ಹೇಳಿ ಕಳಿಸಿದ್ದಳು: “ನನ್ ರಕ್ತ ನಮ್ಮಕ್ಕನ್ ಕಣ್ಣಿಗೇ ಬತ್ತದಂತೆ, ಬೇಗ ನೋಡಿ ಹೇಳಕೆ ಹೇಳು.”

ನೋಡಿದೆ. ಒಂದು ಕಡೆ ಉಂಗುರ ಕಂಡಿತು. ಎರಡು ಸಾಲು ದಾಟಿದ ಮೇಲೆ ಇನ್ನೊಂದು.

ಆ ಕಡೆಯ ಊರುಗಳಲ್ಲಿ ಒಂದು ವರ್ಷದಿಂದ ಒಂದೂ ಸಿಕ್ಕಿರಲಿಲ್ಲ. ಮಲೇರಿಯಾ ಹೋಯಿತು ಎಂದೇ ಎಲ್ಲರೂ ಹೇಳುತ್ತಿದ್ದರು. ಹಿರಿಯ ಟೆಕ್ನಿಷಿಯನ್ ಕೂಗಿದರೆ ಕೇಳುವಷ್ಟು ದೂರದಲ್ಲಿ ಕೂತಿದ್ದರು. ಇದನ್ನು ನೋಡಿ ಎಂದು ಕರೆಯಬಹುದಿತ್ತು. ಕರೆಯಲು ಬಾಯಿ ತೆರೆದವಳಿಗೆ ನಿಮ್ಮ ಸಾಹೇಬರ ಕೋಣೆ ನೆನಪಾಯಿತು. ಅವರ ಮೇಜಿನ ಮೇಲೆ ಆ ಪಟ್ಟಿ, ನೀನು ಕಿಟಕಿ ನೋಡುತ್ತಾ ನಿಂತದ್ದು. ನಾಲ್ಕು ಜನ ಓದಿದವರು, ಜೊತೆಗೆ ನೀನು, ಇಲ್ಲ ಎಂದ ಮೇಲೆ ನನ್ನ ಕಣ್ಣೇ ಇಲ್ಲದ್ದನ್ನು ಕಾಣುವ ಕಣ್ಣು ಎಂದು ನಾನೂ ನಂಬಿದ್ದೆ. ನಾನು ಕಂಡದ್ದು ನಿಜ ಎಂದು ಅಪ್ಪನ ಹತ್ತಿರವೂ ಆಣೆ ಇಟ್ಟು ಹೇಳಲಾಗಿರಲಿಲ್ಲ. ಈಗ ತಂಗಿಯ ಹೆಸರು ನೋಡಿ ಹೆದರಿಕೆಗೆ ಹೀಗೆ ಕಾಣುತ್ತಿದೆ, ಬಣ್ಣದ ಕಸ ಎಂದುಕೊಂಡೆ. ಇಲ್ಲ ಎಂದು ಬರೆದೆ. ಗಾಜನ್ನು ತೊಳೆಯುವುದಕ್ಕೆ ಹಾಕಿದೆ.

ರಕ್ತ ತೆಗೆದ ದಿನ ಷಣ್ಮುಖಪ್ಪ ಕೊಟ್ಟಿದ್ದ ಮಾತ್ರೆಯನ್ನು, ಎಳೆ ಬಾಣಂತಿ, ಹಾಲಿಗೆ ಇಳಿಯುತ್ತದೆ ಎಂದು ಅವಳ ಅತ್ತೆ ನುಂಗಲು ಬಿಟ್ಟಿರಲಿಲ್ಲ. ಲ್ಯಾಬಿನಿಂದ ‘ಇದೆ’ ಎಂದು ಹೋಗಿದ್ದರೆ ಆಫೀಸಿನವರು ಮನೆಯಲ್ಲಿ ನಿಂತು ನುಂಗಿಸುತ್ತಿದ್ದರು. ಹನ್ನೊಂದನೆಯ ದಿನ ಅವಳಿಗೆ ಮಾತು ತೊದಲಿತು. ಆಸ್ಪತ್ರೆಗೆ ಎತ್ತಿನ ಗಾಡಿಯಲ್ಲಿ ತಂದರು. ಮಲೇರಿಯಾ ಮಿದುಳಿಗೆ ಏರಿದೆ ಎಂದು ಡಾಕ್ಟರು ಹೇಳಿದಾಗ ನಾನು ಅವಳ ಕಾಲು ಹಿಡಿದುಕೊಂಡು ಕೂತಿದ್ದೆ. ಮೊದಲ ಗಾಜಿನಲ್ಲಿ ಸಿಕ್ಕಿರಲಿಕ್ಕಿಲ್ಲ, ಹಾಗೂ ಆಗುತ್ತದೆ ಎಂದು ಅವರೇ ನನಗೆ ಸಮಾಧಾನ ಹೇಳಿದರು.

ಆಮೇಲೆ ಕಣ್ಣು ನೋವು ಎಂದು ಹೇಳಿ ಮೈಕ್ರೋಸ್ಕೋಪು ಬಿಟ್ಟು ಗಾಜು ತೊಳೆಯುವ, ಬಣ್ಣ ಹಾಕುವ ಕೆಲಸ ಕೇಳಿ ತೆಗೆದುಕೊಂಡೆ. ನನ್ನ ಕಣ್ಣೇ ಸರಿ ಇಲ್ಲ, ನಾನು ಕಂಡದ್ದು ಕಂಡದ್ದಲ್ಲ, ನನ್ನ ಜಾಗದಲ್ಲಿ ಯಾರಿದ್ದರೂ ಏನು ಮಾಡುತ್ತಿದ್ದರು ಎಂಬ ಒಂದೇ ಆಧಾರದ ಮೇಲೆ ನಾಲ್ಕು ತಿಂಗಳು ಉಂಡೆ, ಮಲಗಿದೆ, ಅವಳ ಮಗುವನ್ನು ಎತ್ತಿ ಆಡಿಸಿದೆ. ನಿನ್ನ ಪತ್ರ ಅದನ್ನು ತೆಗೆದುಕೊಂಡು ಹೋಯಿತು.

ಇಪ್ಪತ್ತೆಂಟಕ್ಕೆ ಇಪ್ಪತ್ತೈದು. ಇಷ್ಟು ಒಳ್ಳೆಯ ಕಣ್ಣು ಅದು.

ಕಾಂತಮ್ಮ


ಮಾಟುಂಗ, ಮುಂಬಯಿ
೨೮–೧೨–೧೯೬೪

ಕಾಂತ,

ನಿನ್ನ ಪತ್ರವನ್ನು ಬಾಗಿಲಲ್ಲಿ ನಿಂತುಕೊಂಡೇ ಓದಿದೆ. ಮುಗಿದ ಮೇಲೂ ಕೂರಬೇಕೆಂದು ಹೊಳೆಯಲಿಲ್ಲ. ಇವರು ಆಫೀಸಿನಿಂದ ಬಂದಾಗ ಹಾಗೆಯೇ ನಿಂತಿದ್ದೆನಂತೆ. ಏನಾಯಿತೆಂದು ಕೇಳಿದರು. ನನಗೊಬ್ಬಳಿಗೇ ಎಂದು ನೀನು ಬರೆದಿದ್ದರೂ ಅವರಿಂದ ಮುಚ್ಚಿಡಲಾಗಲಿಲ್ಲ. ಪತ್ರ ಕೊಟ್ಟೆ. ಓದಿ ಮಡಿಸಿಟ್ಟರು.

ಪೆಟ್ಟಿಗೆ ಎತ್ತಿಕೊಟ್ಟ ಹುಡುಗಿ. ಹಸಿರು ಲಂಗ ಉಟ್ಟಿದ್ದಳು.

ಮರುದಿನ ಲ್ಯಾಬಿಗೆ ಹೋಗಿ ದಾಖಲೆ ಪುಸ್ತಕ ತೆಗೆದೆ. ಇಪ್ಪತ್ತನಾಲ್ಕು ‘ಇಲ್ಲ’ಗಳ ಮುಂದೆ ಒಂದೊಂದಕ್ಕೂ ‘ನೋಡಿರಲಿಲ್ಲ’ ಎಂದು ಬರೆದು ಪೂರ್ತಿ ಹೆಸರು, ತಾರೀಖು ಹಾಕಿದೆ. ಸಾಹೇಬರಿಗೆ ಹೇಳಿದೆ. ಹಳೆಯ ಲೆನ್ಸಿನ ದೋಷವೆಂದು ಬರೆದರೆ ಸಾಕಲ್ಲ ಎಂದರು. ಲೆನ್ಸಿನ ಹಿಂದೆ ಕಣ್ಣೇ ಇರಲಿಲ್ಲ ಸಾರ್ ಎಂದೆ. ಕೆಲಸದಿಂದ ಬಿಡಿಸಿದ್ದಾರೆ. ಬಿಡಿಸಿದ್ದು ಸರಿ. ನಿನ್ನ ಮೇಲಿನ ಆರೋಪ ಹಿಂತೆಗೆದುಕೊಂಡು ನಿನಗೂ ಕಾಗದ ಬರುತ್ತದೆ. ಬರುವವರೆಗೆ ಬಂಗಾಳಿಯವರು ಬಿಡುವುದಿಲ್ಲ ಎಂದಿದ್ದಾರೆ.

ಕ್ಷಮಿಸು ಎಂಬ ಮಾತನ್ನು ಮೂರು ಸಲ ಬರೆದು ಹರಿದೆ. ಸಂಕ್ರಾಂತಿಗೆ ಬರಲೇ? ನಿಮ್ಮ ಮನೆಗೆ ಬಂದು, ನಿಮ್ಮ ಅವ್ವನ ಎದುರು, ಸಣ್ಣಬೀರಪ್ಪನ ಎದುರು, ತಪ್ಪು ನನ್ನದೆಂದು ಹೇಳುತ್ತೇನೆ. ಅದೊಂದಕ್ಕಾದರೂ ಬಿಡು.

ಪಂಕಜಾಕ್ಷಿ


ಅಜ್ಜಂಪುರ
೭–೨–೧೯೬೫

ಪಂಕಜಾಕ್ಷಿಗೆ,

ಬರಬೇಡ. ನನ್ನ ಮನೆಯಲ್ಲಿ ಹೇಳಬೇಕಾದದ್ದನ್ನು ನೀನು ಬಂದು ಹೇಳುವುದು ಸರಿಯಲ್ಲ. ನೀನು ಮಾಡಿದ್ದು ನಿನ್ನದು. ಆ ದಿನ ನೋಡಿ, ಕಂಡು, ಇಲ್ಲ ಎಂದು ಬರೆದ ಕೈ ನನ್ನದು.

ಮುಂಬಯಿಯಿಂದ ಇಂಗ್ಲಿಷ್ ಕಾಗದ ಬಂತು. ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ನಾನು ತಿರುಗಿ ಬಂದಾಗಿನಿಂದ ಊರಿನಲ್ಲಿ ಕೇಳಿದವರಿಗೆಲ್ಲ, ಬೊಂಬಾಯಿ ನೀರು ಮಗಳಿಗೆ ಒಗ್ಗಲಿಲ್ಲ ಎಂದೇ ಹೇಳಿಕೊಂಡು ಬಂದವನು ಅಪ್ಪ. ನಿಜ ಏನೆಂದು ನನ್ನನ್ನು ಒಂದು ಸಲವೂ ಕೇಳಿರಲಿಲ್ಲ. ಕಾಗದವನ್ನು ಕೈಯಲ್ಲಿ ಹಿಡಿದುಕೊಂಡು ಮೊಹರನ್ನು ಬೆರಳಿನಿಂದ ಸವರಿ ನೋಡಿದ. ಕಂಬಳಿಗೆ ಮುಖ ಒತ್ತಿಕೊಂಡ.

ಅವನ ಸಂತೋಷ ಒಂದು ದಿನ ಉಳಿಯಲೆಂದು ಬಿಟ್ಟೆ. ಮರುದಿನ ಸಣ್ಣಬೀರಪ್ಪ ಮಗುವನ್ನು ನೋಡಲು ಬಂದ. ಪ್ರತಿ ಭಾನುವಾರ ಬರುತ್ತಿದ್ದ. ಊಟವಾದ ಮೇಲೆ ಮೂವರನ್ನೂ ಕೂರಿಸಿಕೊಂಡು ಹೇಳಿದೆ. ಎರಡು ಉಂಗುರ ಕಂಡಿದ್ದೆ, ಕಸ ಎಂದುಕೊಂಡು ಇಲ್ಲ ಎಂದು ಬರೆದೆ, ಕಸ ಆಗಿರಲಿಲ್ಲ ಎಂದೆ. ಅವ್ವನಿಗೆ ಮೊದಲು ಅರ್ಥವಾಗಲಿಲ್ಲ. ಎರಡನೆಯ ಸಲ ಹೇಳಬೇಕಾಯಿತು. ಎರಡನೆಯ ಸಲ ಹೇಳುವುದು ಮೊದಲ ಸಲಕ್ಕಿಂತ ಕಷ್ಟ.

ಸಣ್ಣಬೀರಪ್ಪ ಒಂದೇ ಮಾತು ಕೇಳಿದ: “ಕಂಡಿತ್ತಾ ನಿಂಗೆ?”

ಕಂಡಿತ್ತು ಎಂದೆ.

ಅವನು ಎದ್ದು ಕೈ ತೊಳೆದುಕೊಂಡ. ಕೈ ಆಗಲೇ ತೊಳೆದದ್ದಾಗಿತ್ತು, ಮತ್ತೆ ತೊಳೆದ. ಮಗುವನ್ನು ತೊಟ್ಟಿಲಿನಿಂದ ಎತ್ತಿಕೊಂಡು, ಅದರ ಎರಡು ಅಂಗಿ, ಹಾಲಿನ ಒಳಲೆ ತೆಗೆದುಕೊಂಡು ಹೊರಟ. ಅವ್ವ ಬಾಗಿಲಿಗೆ ಅಡ್ಡ ನಿಂತಳು. ಅಪ್ಪ ಅವಳ ರಟ್ಟೆ ಹಿಡಿದು ಪಕ್ಕಕ್ಕೆ ಸರಿಸಿದ. ಈಗ ಇಪ್ಪತ್ತು ದಿನವಾಯಿತು, ಅವ್ವ ನನ್ನ ಜೊತೆ ಮಾತನಾಡಿಲ್ಲ. ಅನ್ನ ಬಡಿಸುತ್ತಾಳೆ.

ಮೈಕ್ರೋಸ್ಕೋಪಿಗೆ ತಿರುಗಿ ಕೂರುತ್ತೇನೆ ಎಂದು ಲ್ಯಾಬಿನಲ್ಲಿ ಹೇಳಿದ್ದೇನೆ. ಜೂನ್ ತಿಂಗಳ ಆ ಗಾಜಿನ ವಿಷಯವನ್ನೂ ಬರೆದು ಕೊಟ್ಟೆ. ಆಫೀಸರು ಓದಿ, ಮೂರು ತಿಂಗಳು ನನ್ನ ಎಲ್ಲ ಗಾಜನ್ನೂ ಹಿರಿಯರು ಮತ್ತೊಮ್ಮೆ ನೋಡಲಿ ಎಂದು ಬರೆದರು. ಹೇಗೋ ಕೆಲಸ ಉಳಿಯಿತು.

ಇನ್ನು ಸ್ವಲ್ಪ ದಿನ ಬರೆಯಬೇಡ.

ಕಾಂತಮ್ಮ


ಮಾಟುಂಗ, ಮುಂಬಯಿ
೩೦–೪–೧೯೬೫

ಕಾಂತ,

ಬರೆಯಬೇಡ ಎಂದಿದ್ದೀ. ಇದು ನಿನಗೆ ಸೇರಬೇಕಾದ ಸುದ್ದಿ, ಅದಕ್ಕೆ ಮಾತ್ರ ಬರೆಯುತ್ತಿದ್ದೇನೆ.

ಬಂಗಾಳಿಯವರ ಲೇಖನ ಮುಗಿದಿದೆ. ನಿನ್ನ ಇಪ್ಪತ್ತೈದನ್ನು ಸೇರಿಸಿದ ಮೇಲೆ ಪಯಾನ್ ಇಲ್ಲದೆ ಒಡೆಯುವ ಭಾರದ ಚೂರುಗಳ ಲೆಕ್ಕ ಬೇರೆ ಕಡೆಯವರ ಲೆಕ್ಕಕ್ಕೆ ಹತ್ತಿರ ಬಂತು. ಕೊನೆಯಲ್ಲಿ ನಿನ್ನ ಹೆಸರಿದೆ. ಆ ಮೂರನ್ನು ಬಿಟ್ಟಿದ್ದಾರೆ. ನಿನಗೆ ಅದು ಇಷ್ಟವಾಗುತ್ತದೆ ಎಂದು ನಾನೇ ಹೇಳಿದೆ.

ನಾನು ಇಲ್ಲೊಂದು ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದೇನೆ. ಉತ್ತರ ಬೇಡ.

ಪಂಕಜಾಕ್ಷಿ


ಅಜ್ಜಂಪುರ
೧೧–೭–೧೯೬೫

ಪಂಕಜಾಕ್ಷಿಗೆ,

ಕಳೆದ ತಿಂಗಳು ಇಪ್ಪತ್ತೆರಡನೆಯ ತಾರೀಖು, ಮಂಗಳವಾರ, ಹತ್ತೂವರೆಯ ಹೊತ್ತಿಗೆ ಲ್ಯಾಬಿನ ಬಾಗಿಲಲ್ಲಿ ಸಣ್ಣಬೀರಪ್ಪ ನಿಂತಿದ್ದ. ಕಂಬಳಿಯೊಳಗೆ ಮಗು. ಐದು ತಿಂಗಳಿಂದ ಅದನ್ನು ನೋಡಿರಲಿಲ್ಲ. ಕೂದಲು ಬೆಳೆದಿತ್ತು. ಅಜ್ಜಿಯ ಹೆಸರನ್ನೇ ಇಟ್ಟಿದ್ದಾರೆ, ಕರಿಯಮ್ಮ ಎಂದು. ಮೈ ಸುಡುತ್ತಿತ್ತು. ಕಣ್ಣು ಅರ್ಧ ಮುಚ್ಚಿತ್ತು.

ಮೂರು ದಿನದಿಂದ ಜ್ವರ, ಊರಿಗೆ ಬಂದ ಷಣ್ಮುಖಪ್ಪ ರಕ್ತ ತೆಗೆಯುತ್ತೇನೆ ಎಂದನಂತೆ. ಇವನು ಬೇಡ ಎಂದು, ಮಗುವನ್ನೇ ಎತ್ತಿಕೊಂಡು ಕಡೂರಿಗೆ ಬಂದು, ಅಲ್ಲಿಂದ ರೈಲಿನಲ್ಲಿ ಬಂದಿದ್ದ. ಹಿರಿಯ ಟೆಕ್ನಿಷಿಯನ್ ಎದ್ದು, ನಾನೇ ನೋಡುತ್ತೇನೆ, ಅವಳ ಮನೆಯ ಮಗು, ಅವಳಿಗೆ ಬೇಡ ಎಂದರು. ಒಳ್ಳೆಯದಕ್ಕೇ ಹೇಳಿದರು.

ಸಣ್ಣಬೀರಪ್ಪ ನನ್ನ ಕಡೆ ತಿರುಗಿ ಹೇಳಿದ: “ಬ್ಯಾರೆಯೋರು ನೋಡದು ಬ್ಯಾಡ. ನೀನೇ ನೋಡಕ್ಕ.”

ಮಗುವಿನ ಕಾಲ್ಬೆರಳು ಚುಚ್ಚಿದೆ. ಅಳುವ ಶಕ್ತಿಯೂ ಅದಕ್ಕಿರಲಿಲ್ಲ. ಬಣ್ಣ ಒಣಗುವವರೆಗೆ ಅವನು ಬೆಂಚಿನ ಮೇಲೆ ಕೂತಿದ್ದ, ನಾನು ನಿಂತಿದ್ದೆ. ಲೆನ್ಸಿಗೆ ಎಣ್ಣೆ ಬಿಡುವಾಗ ಎರಡು ತೊಟ್ಟು ಬಿತ್ತು, ಒರೆಸಿ ಮತ್ತೆ ಹಾಕಿದೆ. ಏಳನೆಯ ಸಾಲಿನಲ್ಲಿ ಒಂದು ಉಂಗುರ ಕಂಡಿತು. ಫೋಕಸ್ ಮೇಲೆ ಮಾಡಿದೆ, ಕೆಳಗೆ ಮಾಡಿದೆ. ಹೋಗಲಿಲ್ಲ. ಇನ್ನೂ ನಾಲ್ಕು ಸಿಕ್ಕವು. ‘ಇದೆ’ ಎಂದು ಬರೆದು ಸಹಿ ಮಾಡಿದೆ. ಹಿರಿಯರು ಬಂದು ನೋಡಿ, ಇದು ಬಣ್ಣದ ಕಸ ಇರಬಹುದು ಎಂದರು. ಇಲ್ಲ ಸಾರ್, ಇನ್ನೊಂದು ಸಲ ನೋಡಿ ಎಂದೆ. ನೋಡಿದರು. ಆಮೇಲೆ ಮಾತ್ರೆಯ ಡಬ್ಬ ತೆಗೆದರು.

ಕಹಿ ಮಾತ್ರೆ. ಪುಡಿ ಮಾಡಿ ಬೆಲ್ಲದ ನೀರಿನಲ್ಲಿ ಕಲಸಿ ಒಳಲೆಯಲ್ಲಿ ಹಾಕಿದೆ. ಕಕ್ಕಿತು. ಮತ್ತೆ ಹಾಕಿದೆ. ನಾಲ್ಕು ದಿನ ಇಬ್ಬರೂ ನಮ್ಮ ಮನೆಯಲ್ಲೇ ಇದ್ದರು. ಮೂರನೆಯ ದಿನ ಜ್ವರ ಬಿಟ್ಟಿತು. ಅವ್ವ ಮಗುವಿಗೆ ತಲೆಗೆ ಎಣ್ಣೆ ಒತ್ತುತ್ತಾ, ನೀರು ಕಾದಿದೆಯಾ ನೋಡು ಎಂದಳು. ನನಗೇ ಹೇಳಿದ್ದು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಹೊರಡುವ ದಿನ ಸಣ್ಣಬೀರಪ್ಪನನ್ನು ಸ್ಟೇಷನ್ನಿಗೆ ಕಳಿಸಲು ಹೋಗಿದ್ದೆ. ಇಷ್ಟೆಲ್ಲ ಆದ ಮೇಲೂ ನನ್ನ ಹತ್ತಿರವೇ ಯಾಕೆ ತಂದೆ ಎಂದು ಕೇಳಿದೆ.

“ಅವತ್ತು ಇಲ್ಲ ಅಂತ ಬರ್ದಿದ್ದು ನೀನೇ ಕಣಕ್ಕ. ಅದ್ನ ನಾನು ಮರೆಯಕ್ಕಾಗಕಿಲ್ಲ. ಆದ್ರೆ ಕಂಡಿದ್ದೂ ನಿಂಗೇ ಅಲ್ವಾ.”

ಇಷ್ಟೇ ಹೇಳಿದ. ಮಗುವನ್ನು ನನ್ನ ಕೈಗೆ ಕೊಟ್ಟು ಟಿಕೆಟ್ ತರಲು ಹೋದ.

ಅವನು ನನಗೆ ಹೇಳಿದ ಮಾತನ್ನು ನಿನಗೆ ನಾನು ಹೇಳಬಹುದೇ ಎಂದು ಬಹಳ ಯೋಚಿಸಿದೆ. ಹೇಳಲಾರೆ. ನೀನು ನೋಡಿರಲಿಲ್ಲ.

ಇಲ್ಲಿಗೆ ನಿಲ್ಲಿಸಿ ಪತ್ರವನ್ನು ಎರಡು ದಿನ ಪೆಟ್ಟಿಗೆಗೆ ಹಾಕದೆ ಇಟ್ಟುಕೊಂಡಿದ್ದೆ. ಇವತ್ತು ಮತ್ತೆ ತೆಗೆದು ಬರೆಯುತ್ತಿದ್ದೇನೆ. ಶ್ರಾವಣದಲ್ಲಿ ನೀನು ತರೀಕೆರೆಗೆ ಬರುತ್ತೀಯಂತೆ. ನಿಮ್ಮ ಅಪ್ಪ ಅಂಗಡಿಯಿಂದ ಕೂಗಿ ಹೇಳಿದರು, ನಿಂತು ಕೇಳಿಸಿಕೊಂಡೆ. ನಮ್ಮ ಮನೆಗೆ ಬರಬೇಡ. ಅವ್ವನಿಗೆ ಇನ್ನೂ ಆಗುವುದಿಲ್ಲ. ಲ್ಯಾಬಿಗೆ ಬಾ. ಮಧ್ಯಾಹ್ನ ಒಂದರಿಂದ ಎರಡರವರೆಗೆ ನನಗೆ ಬಿಡುವು.

ಕಾಂತ